ಬೋರ್‌ವೆಲ್ ನೀರು ಕುಡಿದ ಮಾರುತಿ 800: ಬಿಸಿ ಇಳಿಸಿದ್ದು ಹೀಗೆ

ನನ್ನದು 1997ರ ಕಾರ್ಬುರೇಟರ್ ಮಾರುತಿ 800. ಚಿಕ್ಕಬಳ್ಳಾಪುರ ಜಿಲ್ಲೆ ಆಗುವ ಮೊದಲಿನ ಗಾಡಿ, ನಂಬರ್ ಇನ್ನೂ ಕೋಲಾರದ ಕೆಎ-07. ಈಗ ಅದು ಏಪ್ರಿಲ್ ಬಿಸಿಲಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ನಂದಿ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತುತ್ತದೆ. ಇಂಜಿನ್ ಬಿಸಿ ತೋರಿಸುವ ಮುಳ್ಳು ಅರ್ಧ ದಾಟಲ್ಲ. ಗುಜರಿಗೆ ಹಾಕಿ ಅಂದವರು ಬಂದು ನೋಡಬಹುದು.

ಮೊದಲು ಏರು ಸಿಕ್ಕರೆ ಸಾಕು, ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ವಾಟರ್ ಪಂಪ್ ಬದಲಿಸಿದರು. ಇನ್ನೊಂದರಲ್ಲಿ ರೇಡಿಯೇಟರ್ ಬಿಚ್ಚಿ, ಕೊಳವೆಗಳ ಕೊಳೆ ತೆಗೆಯಲು ರಾಡ್ ಹಾಕಿದರು. ಕೊನೆಗೆ ಹೆಡ್ ಫೇಸಿಂಗ್, ಅಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ತಳ ಸಮ ಮಾಡುವುದು, ಜೊತೆಗೆ ಅದರಡಿ ಹೊಸ ಗ್ಯಾಸ್ಕೆಟ್. ಎಲ್ಲ ಸೇರಿ 14,000 ರೂಪಾಯಿ ಹತ್ತಿರ ಹೋಯಿತು. ಪ್ರತಿ ಸಲವೂ ಕೆಲವು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ ಕಥೆ. "ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅಣ್ಣಾ" ಅಂತ ಒಬ್ಬರು. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಅದು. ಅದನ್ನು ತೆಗೆದರೆ ಬೆಳಿಗ್ಗೆ ಇಂಜಿನ್ ಬೇಗ ಬಿಸಿಯಾಗಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ರೋಗ ಅಲ್ಲೇ ಇರುತ್ತದೆ.

ದಾರಿ ಸಿಕ್ಕಿದ್ದು ಶಿಡ್ಲಘಟ್ಟದಲ್ಲಿ, ಗೆಳೆಯನ ರೇಷ್ಮೆ ಫಿಲೇಚರ್‌ನಲ್ಲಿ, ಅಂದರೆ ಗೂಡಿನಿಂದ ನೂಲು ತೆಗೆಯುವ ಘಟಕದಲ್ಲಿ. ಅಲ್ಲಿ ಬಾಯ್ಲರ್ ಪೈಪಿನಿಂದ ಬಿಳಿ ಚಕ್ಕೆ ಕೆರೆಯುತ್ತಿದ್ದರು. ನಮ್ಮ ಕಡೆ ಸಾವಿರ ಅಡಿ ಕೆಳಗಿನ ನೀರು, ಗಡಸು ಅಂದರೆ ಗಡಸು. ನನ್ನ ಗಾಡಿಯ ಹಳೇ ಮಾಲೀಕರು ವರ್ಷಗಟ್ಟಲೆ ಅದನ್ನೇ ಸುರಿದಿದ್ದರು. ಮನೆಗೆ ಬಂದು ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿ ಟಾರ್ಚ್ ಬಿಟ್ಟೆ. ಬಚ್ಚಲ ಹಂಡೆಯೊಳಗೆ ಕಟ್ಟುವಂಥದೇ ಬಿಳಿ ಪದರ. ಎಲ್ಲರೂ ರೇಡಿಯೇಟರ್ ತೊಳೆದಿದ್ದರು, ಬ್ಲಾಕ್ ಅಂದರೆ ಇಂಜಿನ್ನಿನ ಮುಖ್ಯ ಒಡಲನ್ನು ಯಾರೂ ತೊಳೆದಿರಲಿಲ್ಲ. ಬ್ಲಾಕಿನಿಂದ ಎದ್ದ ಚಕ್ಕೆ ಬಂದು ತೊಳೆದ ರೇಡಿಯೇಟರನ್ನೇ ಮತ್ತೆ ಕಟ್ಟುತ್ತಿತ್ತು.

ಒಂದು ಚಕ್ಕೆ ಮುರಿದು ಮೂರು ಲೋಟದಲ್ಲಿ ಹಾಕಿ ನೋಡಿದೆ. ಹುಣಸೆ ರಸ, ವಿನೆಗರ್, ಸಿಟ್ರಿಕ್ ಆಸಿಡ್ ಅಂದರೆ ನಿಂಬೆ ಉಪ್ಪು. ಹುಣಸೆ ನಿಧಾನ, ಜೊತೆಗೆ ನಾರು ಬೇರೆ. ಬಿಸಿ ನೀರಿನ ನಿಂಬೆ ಉಪ್ಪು ಮಾತ್ರ ಬುಸುಬುಸು ಅಂತ ನೊರೆ ಎಬ್ಬಿಸಿತು.

ಸುಮಾರು 4 ಲೀಟರ್ ನೀರಿಗೆ 200 ಗ್ರಾಂ ಹಾಕಿದೆ. ಥರ್ಮೋಸ್ಟಾಟ್ ಹೊರಗಿಟ್ಟು ಹೌಸಿಂಗ್ ಮುಚ್ಚಿ, ಐಡಲ್‌ನಲ್ಲಿ ಅರ್ಧ ಗಂಟೆ ಓಡಿಸಿದೆ. ಇಂಜಿನ್ ಸ್ವಲ್ಪ ಆರಿದ ಮೇಲೆ ಡ್ರೈನ್ ಮಾಡಿದರೆ ಕೆಮ್ಮಣ್ಣು ಕಲಸಿದಂಥ ನೀರು ಬಂತು. ಆಮೇಲೆ ಮೇಲಿನ ಹೋಸ್‌ನಿಂದ ಉಲ್ಟಾ ನೀರು ಬಿಟ್ಟೆ. ನೀರು ತಿಳಿಯಾಗುವವರೆಗೆ ಇದೇ ಕೆಲಸ. ರಾತ್ರಿಯಿಡೀ ಒಳಗೆ ಬಿಡಬೇಡಿ, ಹೆಡ್ ಅಲ್ಯೂಮಿನಿಯಂ. ಕೊನೆಗೆ ಅಡುಗೆ ಸೋಡಾ ನೀರಲ್ಲಿ ಒಂದು ಸಲ, ಬರೀ ನೀರಲ್ಲಿ ಇನ್ನೊಂದು ಸಲ. ಬ್ಲಾಕಿನ ಹಿಂದಿನ ಮೂಲೆಯ ಗಸಿ ಸಡಿಲಿಸಲು ನನ್ನದೇ ಒಂದು ಉಪಾಯ ಇದೆ. ಅದು ಗಾಡಿ ತಂದವರಿಗೆ ಮಾತ್ರ.

ನೀರಿನ ಬಿಸಿ ನೋಡಿ ಫ್ಯಾನ್ ಹಾಕುವ ಸ್ವಿಚ್ಚಿನ ತುದಿಗೂ ಪದರ ಕೂತಿತ್ತು, ಅದಕ್ಕೇ ಫ್ಯಾನ್ ತಡವಾಗಿ ತಿರುಗುತ್ತಿತ್ತು. 82 (ಬಾಯಿ ತೆರೆಯುವ ಡಿಗ್ರಿ) ಅಂತ ಅಚ್ಚಾಗಿದ್ದ ಹೊಸ ಥರ್ಮೋಸ್ಟಾಟನ್ನು ಪಾತ್ರೆಯಲ್ಲಿ ಕುದಿಸಿ, ಬಾಯಿ ತೆರೆಯುವುದನ್ನು ನೋಡಿಯೇ ಹಾಕಿದೆ. ರೇಡಿಯೇಟರ್ ಕ್ಯಾಪ್‌ನಲ್ಲಿ ಜಿಪುಣತನ ಬೇಡ. ನಂದಿ ಬೆಟ್ಟ 1,478 ಮೀಟರ್ ಎತ್ತರ, ಅಲ್ಲಿ ತೆರೆದ ಪಾತ್ರೆಯ ನೀರು 95 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಇದ್ದರೆ ನೀರು ಬೇಗ ಕುದಿಯಲ್ಲ. ಕ್ಯಾಪ್ ಒತ್ತಡ ಹಿಡಿಯದಿದ್ದರೆ ಉಳಿದದ್ದೆಲ್ಲ ದಂಡ, ಅಲ್ವಾ?

ಈಗ ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ. ಒಟ್ಟು ಖರ್ಚು 1,800 ಆಸುಪಾಸು.

ಆ ಫಿಲೇಚರ್ ಗೆಳೆಯನ ಓಮ್ನಿಗೂ ಮಾಡಿದೆ. ಇಂಜಿನ್ ಅದೇ 796 ಸಿಸಿ. ಆದರೆ ಅದು ಸೀಟಿನ ಕೆಳಗೆ, ರೇಡಿಯೇಟರ್ ಮುಂದೆ, ನಡುವೆ ಉದ್ದದ ಪೈಪು. ಗಾಳಿ ಸಿಕ್ಕಿಕೊಂಡು ಬಹಳ ಸತಾಯಿಸಿತು. ಮುಂಭಾಗ ಜಾಕ್ ಮೇಲೆ ಎತ್ತಿ, ನಿಧಾನ ತುಂಬಿದ ಮೇಲೆ ಸರಿಹೋಯಿತು.