ಗುಳ್ಳೆ ನಿಂತಿತು ಅಂತ ಗಾಬರಿ ಬೇಡ: ಕಿಟ್‌ನ ಗೋಧಿ ಬಿಯರ್ ಬಗ್ಗೆ ಒಂದಷ್ಟು ಮಾತು

ಕಿಟ್ ತಂದು ಮೊದಲ ಸಲ ಗೋಧಿ ಬಿಯರ್ ಹಾಕಿದವರೆಲ್ಲ ಐದನೇ ದಿನಕ್ಕೋ ಆರನೇ ದಿನಕ್ಕೋ ಒಂದೇ ಪ್ರಶ್ನೆ ಕೇಳುತ್ತಾರೆ. ಏರ್‌ಲಾಕ್‌ನಲ್ಲಿ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ, ಮುಚ್ಚಳದ ಮೇಲಿನ ಸಣ್ಣ ನೀರಿನ ಕೊಳವೆ) ಗುಳ್ಳೆ ನಿಂತುಹೋಗಿದೆ, ಈಗ ಏನು ಮಾಡಲಿ? ಇವತ್ತು ರಾತ್ರಿ ಏನೂ ಮಾಡಬೇಡಿ. ಮುಚ್ಚಳ ತೆಗೆಯಬೇಡಿ, ಸಕ್ಕರೆ ಸುರಿಯಬೇಡಿ, ಸೌಟು ಹಾಕಿ ಕಲಕಬೇಡಿ. ನಾಳೆ ಬೆಳಿಗ್ಗೆ ಹೈಡ್ರೋಮೀಟರ್ ಹಾಕಿ ನೋಡಿ, ಅದು ಬಿಯರ್‌ನಲ್ಲಿ ತೇಲಿ ಎಷ್ಟು ಸಕ್ಕರೆ ಉಳಿದಿದೆ ಅಂತ ತೋರಿಸುವ ಗಾಜಿನ ಕೊಳವೆ. ನಾನು ಬಹಳ ವರ್ಷಗಳಿಂದ ಮನೆಯಲ್ಲೇ ಬಿಯರ್ ಮಾಡುತ್ತಾ ಬಂದಿದ್ದೇನೆ, ನಿಂತುಹೋಯಿತು ಅಂತ ಜನ ಹೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜವಾಗಿ ನಿಂತಿರುವುದೇ ಇಲ್ಲ.

ಅದನ್ನು ಆಮೇಲೆ ಹೇಳುತ್ತೇನೆ. ಮೊದಲ ದಿನದ ಕೆಲಸದಿಂದ ಶುರು ಮಾಡೋಣ, ಯಾಕೆಂದರೆ ಮಧ್ಯದಲ್ಲಿ ನಿಲ್ಲುವ ಬಿಯರ್‌ನ ತಪ್ಪು ಬಹುಪಾಲು ಮೊದಲ ದಿನವೇ ಆಗಿರುತ್ತದೆ. ಮನೆಯಲ್ಲಿ ಬಿಯರ್ ಮಾಡಲು ನಿಮ್ಮಲ್ಲಿನ ಕಾನೂನು ಒಪ್ಪುತ್ತದೆಯೇ ಅನ್ನುವುದನ್ನೂ ಅವತ್ತೇ ನೋಡಿಕೊಂಡುಬಿಡಿ.

ಕಿಟ್ ಅಂದರೆ ಸಾಮಾನ್ಯವಾಗಿ 1.5ರಿಂದ 1.8 ಕೆಜಿ ಗಟ್ಟಿ ಮಾಲ್ಟ್ ಪಾಕದ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ ಸಿಹಿ ಪಾಕ) ಟಿನ್ನು, ಅದರ ಮುಚ್ಚಳದ ಕೆಳಗೆ ಒಂದು ಸಣ್ಣ ಯೀಸ್ಟ್ ಪೊಟ್ಟಣ. ಹಾಪ್ಸ್ ಅನ್ನುವ ಹೂವಿನ ಕಹಿ ಪಾಕದಲ್ಲೇ ಸೇರಿರುತ್ತದೆ. ಟಿನ್ನನ್ನು ಹದಿನೈದು ನಿಮಿಷ ಬಿಸಿ ನೀರಿನಲ್ಲಿ ಇಡಿ, ಪಾಕ ಸಲೀಸಾಗಿ ಇಳಿಯುತ್ತದೆ. ಎರಡು ಮೂರು ಲೀಟರ್ ನೀರು ಕುದಿಸಿ, ಒಲೆ ಆರಿಸಿ, ಆಮೇಲೆ ಪಾಕ ಸುರಿದು ಕದಡಿ. ಉರಿ ಮೇಲೆ ಇಟ್ಟು ಸುರಿದರೆ ತಳ ಹಿಡಿಯುತ್ತದೆ, ಆ ಸೀದ ವಾಸನೆ ಕೊನೆಯ ಲೋಟದವರೆಗೂ ಹೋಗುವುದಿಲ್ಲ. ಟಿನ್ ಮೇಲೆ 1 ಕೆಜಿ ಸಕ್ಕರೆ ಹಾಕಿ ಅಂತ ಬರೆದಿರುತ್ತದೆ. ನಾನು ಹಾಕುವುದಿಲ್ಲ. ಅದರ ಬದಲು 1 ಕೆಜಿ ಗೋಧಿ ಮಾಲ್ಟ್ ಪುಡಿ ಹಾಕುತ್ತೇನೆ. ಸಕ್ಕರೆ ಪೂರ್ತಿ ಆಲ್ಕೋಹಾಲ್ ಆಗಿಬಿಡುತ್ತದೆ, ಬಿಯರ್ ನೀರು ನೀರಾಗುತ್ತದೆ. ಗೋಧಿ ಬಿಯರ್‌ಗೆ ಬೇಕಾದ ಆ ದಪ್ಪ ನೊರೆ, ಬಾಯಿ ತುಂಬುವ ಗುಣ ಎಲ್ಲ ಗೋಧಿಯಿಂದಲೇ ಬರಬೇಕು ಅಲ್ವಾ? ಪುಡಿಯನ್ನು ಹಬೆಯಾಡುವ ಪಾತ್ರೆ ಮೇಲೆ ಹಿಡಿಯಬೇಡಿ, ಚೀಲದ ಬಾಯಲ್ಲೇ ಕಲ್ಲಿನಂತೆ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಕದಡಿಕೊಂಡು ಹಾಕಿ.

ತೊಳೆಯುವ ವಿಷಯದಲ್ಲಿ ಮಾತ್ರ ಸೋಮಾರಿತನ ಮಾಡಬೇಡಿ. ಮೊದಲು ಕೊಳೆ ಹೋಗಬೇಕು, ಆಮೇಲೆ ಕ್ರಿಮಿ ಸಾಯಬೇಕು, ಇವೆರಡೂ ಬೇರೆ ಬೇರೆ ಕೆಲಸ. ಕೊಳೆ ಇರುವ ಕಡೆ ಕ್ರಿಮಿನಾಶಕ ನಾಟುವುದಿಲ್ಲ. ಹುದುಗಿಸುವ ಬಕೆಟ್‌ನ ನಲ್ಲಿಯನ್ನು ಬಿಚ್ಚಿ ತೊಳೆಯಿರಿ, ಹಳೆಯ ಗಸಿ ಅಲ್ಲೇ ಅಡಗಿ ಕೂತಿರುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಬರುತ್ತಿದ್ದರೆ ಹಿಂದಿನ ದಿನವೇ ಕುದಿಸಿ ಆರಿಸಿಡಿ. ಇಲ್ಲದಿದ್ದರೆ ಬಿಯರ್‌ಗೆ ಔಷಧಿ ವಾಸನೆ ಹತ್ತುತ್ತದೆ, ಅದಕ್ಕೆ ಮದ್ದಿಲ್ಲ.

ಈಗ ಯೀಸ್ಟ್. ಟಿನ್ ಜೊತೆ ಬರುವ ಪೊಟ್ಟಣದಲ್ಲಿ 5, 6 ಗ್ರಾಂ ಇದ್ದರೆ ಹೆಚ್ಚು. ಅದು ಎಷ್ಟು ತಿಂಗಳು ಯಾವ ಗೋದಾಮಿನ ಸೆಕೆಯಲ್ಲಿ ಕೂತಿತ್ತೋ ಯಾರಿಗೂ ಗೊತ್ತಿರುವುದಿಲ್ಲ. ಅದೂ ಅಲ್ಲದೆ ಎಷ್ಟೋ ಕಿಟ್‌ಗಳಲ್ಲಿ ಇರುವುದು ಏಲ್ ಅನ್ನುವ ಬಿಯರ್ ಬಗೆಯ ಸಾಧಾರಣ ಯೀಸ್ಟ್. ಗೋಧಿ ಬಿಯರ್‌ನ ಬಾಳೆಹಣ್ಣಿನ ಪರಿಮಳ, ಲವಂಗದ ಪರಿಮಳ ಎರಡೂ ಗೋಧಿಯಿಂದ ಬರುವುದಿಲ್ಲ, ಯೀಸ್ಟ್‌ನಿಂದ ಬರುತ್ತವೆ. ಹಾಗಾಗಿ ಗೋಧಿ ಬಿಯರ್‌ಗೆಂದೇ ಇರುವ ಯೀಸ್ಟ್ 11 ಗ್ರಾಂನ ಪೊಟ್ಟಣ ಬೇರೆ ತಂದುಕೊಳ್ಳಿ. 18 ಡಿಗ್ರಿ ಹತ್ತಿರ ಹುದುಗಿದರೆ ಲವಂಗ ಮುಂದಾಗುತ್ತದೆ, 22ರ ಹತ್ತಿರ ಹೋದರೆ ಬಾಳೆಹಣ್ಣು. ನನಗೆ ನಡುವಿನ 20 ಇಷ್ಟ.

ಯೀಸ್ಟ್ ಹಾಕುವ ಮೊದಲು ಎರಡು ಕೆಲಸ ಇದೆ. ಕದಡಿದ ಪಾಕವನ್ನು ಬಕೆಟ್‌ಗೆ ಸುರಿದು, ತಣ್ಣೀರು ಸೇರಿಸಿ 20 ಲೀಟರ್ ಮಾಡಿದ ಮೇಲೆ ಕೈ ಸೋಲುವ ತನಕ ಕಲಕಿ, ನೊರೆ ಏಳಬೇಕು. ಯೀಸ್ಟ್ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳಲು ಗಾಳಿ ಬೇಕು, ಆ ಗಾಳಿ ಸಿಗುವುದು ಇದೊಂದೇ ಹೊತ್ತಿನಲ್ಲಿ. ಹೀಗೆ ಕಲಕಿದರೆ ಇನ್ನೊಂದು ಲಾಭವೂ ಇದೆ. ಭಾರದ ಪಾಕ ತಳದಲ್ಲಿ, ತಿಳಿ ನೀರು ಮೇಲೆ ನಿಂತಿದ್ದರೆ ಹೈಡ್ರೋಮೀಟರ್ ಸುಳ್ಳು ಹೇಳುತ್ತದೆ, ಕಲಕಿದರೆ ಎರಡೂ ಬೆರೆಯುತ್ತವೆ. ಅಳತೆ ತೆಗೆದು ಬರೆದಿಟ್ಟುಕೊಳ್ಳಿ. 1.7 ಕೆಜಿ ಟಿನ್ನು, 1 ಕೆಜಿ ಮಾಲ್ಟ್ ಪುಡಿ, ನೀರು ಸೇರಿ ಒಟ್ಟು 20 ಲೀಟರ್ ಅಂದರೆ 1.044ರ ಆಸುಪಾಸು ಬರಬೇಕು (ಸಾದಾ ನೀರು 1.000, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಹೆಚ್ಚು). ಕೊನೆಗೆ 1.012ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು 4.2 ಶೇಕಡಾ. ಬಕೆಟ್ ಒಳಗಿನ ಬಿಸಿ 20ರ ಹತ್ತಿರ ಇಳಿದ ಮೇಲೆಯೇ ಯೀಸ್ಟ್ ಉದುರಿಸಿ. ಅವಸರಕ್ಕೆ 35 ಡಿಗ್ರಿಯಲ್ಲಿ ಹಾಕಿದರೆ ಕೆಲಸ ಜೋರಾಗಿಯೇ ಶುರುವಾಗುತ್ತದೆ, ಆದರೆ ಬಿಯರ್‌ಗೆ ಘಾಟು ಬಂದುಬಿಡುತ್ತದೆ.

ಬಕೆಟ್‌ನ ಮೇಲೆ ಕಾಲು ಭಾಗ ಖಾಲಿ ಬಿಡಿ. ಗೋಧಿ ಯೀಸ್ಟ್ ಎರಡನೇ ದಿನ ಹಾಲು ಉಕ್ಕಿದಂತೆ ಉಕ್ಕುತ್ತದೆ. ಏರ್‌ಲಾಕ್ ಒಳಗೆ ನೊರೆ ಹೊಕ್ಕರೆ ಅದನ್ನು ಕಿತ್ತು, ದಪ್ಪ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿಡಿ. ಕಟ್ಟಿಕೊಂಡ ಏರ್‌ಲಾಕ್ ಮುಚ್ಚಳವನ್ನೇ ಹಾರಿಸಿದ್ದನ್ನು ನೋಡಿದ್ದೇನೆ, ಗೋಡೆಯೆಲ್ಲ ಅಂಟು.

ಇಷ್ಟಾದ ಮೇಲೆ ಆ ಐದನೇ ದಿನ ಬರುತ್ತದೆ. ಗುಳ್ಳೆ ಇಲ್ಲ. ಮೊದಲು ತಿಳಿಯಬೇಕಾದ್ದು, ಏರ್‌ಲಾಕ್ ಅಳತೆಯ ಸಾಧನ ಅಲ್ಲ. ಮುಚ್ಚಳದ ರಬ್ಬರ್ ಸ್ವಲ್ಪ ಸಡಿಲ ಇದ್ದರೂ ಗ್ಯಾಸ್ ಪಕ್ಕದಿಂದ ಹೋಗುತ್ತದೆ, ಏರ್‌ಲಾಕ್ ಸುಮ್ನೆ ಕೂತಿರುತ್ತದೆ. ಬೆಚ್ಚಗಿದ್ದರೆ ಗೋಧಿ ಯೀಸ್ಟ್ ಮೂರು ನಾಲ್ಕು ದಿನದಲ್ಲೇ ಮುಖ್ಯ ಕೆಲಸ ಮುಗಿಸಿಬಿಡುವುದೂ ಉಂಟು. ಆದ್ದರಿಂದ ನಲ್ಲಿಯಿಂದ ಸ್ವಲ್ಪ ಹಿಡಿದು ಹೈಡ್ರೋಮೀಟರ್ ಬಿಡಿ. ಬಿಡುವ ಮೊದಲು ಆ ಬಿಯರನ್ನು ಎರಡು ಲೋಟಗಳ ನಡುವೆ ನಾಲ್ಕು ಸಲ ಸುರಿದು ಗ್ಯಾಸ್ ಬಿಡಿಸಿ, ಯಾಕೆಂದರೆ ಕೊಳವೆಗೆ ಅಂಟಿದ ಗುಳ್ಳೆಗಳು ಅದನ್ನು ಎತ್ತಿ ಹಿಡಿದು ಜಾಸ್ತಿ ತೋರಿಸುತ್ತವೆ. ಬೆರಳಲ್ಲಿ ಒಮ್ಮೆ ತಿರುಗಿಸಿ, ನಿಂತ ಮೇಲೆ ಓದಿ. ಹೆಚ್ಚಿನ ಹೈಡ್ರೋಮೀಟರ್‌ಗಳು 20 ಡಿಗ್ರಿಗೆ ಗುರುತು ಹಾಕಿದವು, ಬಿಯರ್ 30 ಡಿಗ್ರಿ ಇದ್ದರೆ 0.002ರಿಂದ 0.003ರಷ್ಟು ಕಡಿಮೆ ತೋರಿಸುತ್ತದೆ. ಸಾದಾ ನೀರಿನಲ್ಲಿ 1.000 ತೋರಿಸುತ್ತದೆಯೇ ಅಂತ ಒಮ್ಮೆ ನೋಡಿಟ್ಟುಕೊಳ್ಳಿ, ಒಳಗಿನ ಕಾಗದ ಜಾರಿರುವುದೂ ಉಂಟು. ರಿಫ್ರಾಕ್ಟೋಮೀಟರ್ (ಒಂದು ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಸಾಧನ) ಇದೆ ಅಂತ ಅದರಲ್ಲಿ ನೋಡಬೇಡಿ. ಆಲ್ಕೋಹಾಲ್ ಸೇರಿದ ಮೇಲೆ ಅದರ ಲೆಕ್ಕ ತಪ್ಪುತ್ತದೆ, 1.012ಕ್ಕೆ ಇಳಿದ ಬಿಯರನ್ನೂ 1.020ಕ್ಕಿಂತ ಮೇಲೆ ಅಂತ ತೋರಿಸುತ್ತದೆ. ಎಷ್ಟೋ ಮಂದಿ ಇದೊಂದರಿಂದಲೇ ಚಿಂತೆಗೆ ಬಿದ್ದಿದ್ದಾರೆ.

1.014 ಅಥವಾ ಅದಕ್ಕಿಂತ ಕೆಳಗೆ ಬಂದಿದ್ದರೆ ನಿಮ್ಮ ಬಿಯರ್ ಆಗುತ್ತಾ ಬಂದಿದೆ, ಸುಮ್ನೆ ಬಿಡಿ. ಎರಡು ದಿನದ ಅಂತರದಲ್ಲಿ ಎರಡು ಸಲ ನೋಡಿ, ಎರಡೂ ಸಲ 1.020 ಅಥವಾ 1.022ರಲ್ಲೇ ಇದ್ದರೆ ಮಾತ್ರ ಅದು ನಿಂತದ್ದು. ಮಾಲ್ಟ್ ಪಾಕದ ಬಿಯರ್‌ಗೆ ಈ 1.020 ಒಂದು ಹಳೆಯ ಕಾಟ. ಕಾರಣ ಹುಡುಕಲು ಮೊದಲು ಕೈ ಹಾಕಬೇಕಾದ್ದು ಥರ್ಮಾಮೀಟರ್‌ಗೆ. ಜೋರಾಗಿ ಹುದುಗುವಾಗ ಬಕೆಟ್ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಕೋಣೆಗಿಂತ ಎರಡು ಮೂರು ಡಿಗ್ರಿ ಜಾಸ್ತಿಯೇ ಇರುತ್ತದೆ. ಮೂರು ದಿನದ ಮೇಲೆ ಆ ಬಿಸಿ ಇಳಿಯುತ್ತದೆ, ರಾತ್ರಿ ಚಳಿಯೂ ಸೇರುತ್ತದೆ, ನೆಲವೂ ತಣ್ಣಗಿರುತ್ತದೆ, ಯೀಸ್ಟ್ ಕೆಲಸ ಬಾಕಿ ಇರುವಾಗಲೇ ತಳಕ್ಕೆ ಇಳಿದು ಮಲಗಿಬಿಡುತ್ತದೆ. ಸತ್ತಿರುವುದಿಲ್ಲ, ಮಲಗಿರುತ್ತದೆ.

ಎಬ್ಬಿಸುವುದು ಕಷ್ಟ ಅಲ್ಲ. ಬಕೆಟನ್ನು ನೆಲದಿಂದ ಎತ್ತಿ ಹಲಗೆ ಮೇಲೆ ಇಡಿ, ಬೆಚ್ಚನೆಯ ಕೋಣೆಗೆ ತನ್ನಿ, ಕಂಬಳಿ ಸುತ್ತಿ. ಇಲ್ಲವೇ 25 ಡಿಗ್ರಿ ನೀರಿನ ದೊಡ್ಡ ಟಬ್‌ನಲ್ಲಿ ನಿಲ್ಲಿಸಿ. ಒಳಗೆ 21, 22ಕ್ಕೆ ಬರಲಿ. ಈ ಹಂತದಲ್ಲಿ ಬಿಸಿ ಮಾಡಿದರೆ ಪರಿಮಳ ಕೆಡುವುದಿಲ್ಲ, ಅದು ಮೊದಲ ಮೂರು ದಿನದಲ್ಲೇ ಹೆಚ್ಚುಕಡಿಮೆ ತೀರ್ಮಾನ ಆಗಿರುತ್ತದೆ. ಆಮೇಲೆ ಮುಚ್ಚಳ ತೆಗೆಯದೆ ಬಕೆಟನ್ನು ಹಿಡಿದು ನಿಧಾನಕ್ಕೆ ಸುತ್ತಿಸಿ, ತಳದ ಗಸಿ ಹೊಗೆಯಂತೆ ಮೇಲೇಳಲಿ. ಚಿಮ್ಮಿಸಬೇಡಿ. ಮೊದಲ ದಿನ ಬೇಕಾಗಿದ್ದ ಗಾಳಿ ಈಗ ವಿಷ, ಬಿಯರ್‌ಗೆ ಒದ್ದೆ ರಟ್ಟಿನ ರುಚಿ ತರುತ್ತದೆ. ದಿನಕ್ಕೆರಡು ಸಲ ಹೀಗೆ ಮಾಡಿ ಮೂರು ನಾಲ್ಕು ದಿನ ಕಾಯಿರಿ. ನನ್ನ ಕೈಯಲ್ಲಿ ನಿಂತ ಬಿಯರ್‌ಗಳು ಬಹುಪಾಲು ಇಷ್ಟಕ್ಕೇ ಎದ್ದಿವೆ.

ಏಳದಿದ್ದರೆ? ಆಗಲೂ ಹೊಸ ಪೊಟ್ಟಣ ಒಡೆಯುವ ಮೊದಲು ಒಂದು ಪರೀಕ್ಷೆ ಮಾಡಿ, ಇದನ್ನು ಕಲಿತ ಮೇಲೆ ನನಗೆ ನೆಮ್ಮದಿ ಬಂದಿದೆ. 250 ಮಿಲಿಯಷ್ಟು ಬಿಯರನ್ನು ಶುದ್ಧ ಗಾಜಿನ ಜಾಡಿಗೆ ಹಿಡಿದು, ಅದಕ್ಕೆ ಒಂದು ದೊಡ್ಡ ಚಿಟಿಕೆ ಹೊಸ ಬಿಯರ್ ಯೀಸ್ಟ್ ಹಾಕಿ, ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ, 25 ಡಿಗ್ರಿ ಇರುವಲ್ಲಿ ಇಡಿ. ಆಗಾಗ ಅಲ್ಲಾಡಿಸಿ. ಮೂರು ದಿನದ ಮೇಲೆ ಅದು 1.012ಕ್ಕೆ ಇಳಿದರೆ ಬಕೆಟ್‌ನಲ್ಲಿ ಇನ್ನೂ ಸಕ್ಕರೆ ಇದೆ, ಯೀಸ್ಟ್‌ಗೆ ಶಕ್ತಿ ಇಲ್ಲ ಅಂತ ಅರ್ಥ. ಅದೂ 1.020ರಲ್ಲೇ ನಿಂತರೆ ಪಾಕದಲ್ಲಿ ಯೀಸ್ಟ್ ತಿನ್ನಬಲ್ಲ ಸಕ್ಕರೆ ಮುಗಿದಿದೆ. ಆಗ ಇನ್ನೂ ಎರಡು ಪೊಟ್ಟಣ ಸುರಿದರೂ ಪ್ರಯೋಜನ ಇಲ್ಲ. ಬಿಯರ್ ಸ್ವಲ್ಪ ಸಿಹಿಯಾಗಿರುತ್ತದೆ, ಕುಡಿಯಲು ಚೆನ್ನಾಗಿಯೇ ಇರುತ್ತದೆ. ಪರೀಕ್ಷೆಯ ಜಾಡಿಯದ್ದನ್ನು ಮಾತ್ರ ಚೆಲ್ಲಿಬಿಡಿ, ವಾಪಸ್ ಬಕೆಟ್‌ಗೆ ಹಾಕಬೇಡಿ.

ಯೀಸ್ಟ್‌ಗೆ ಶಕ್ತಿ ಇಲ್ಲ ಅಂತ ಗೊತ್ತಾದರೆ ಹೊಸ ಯೀಸ್ಟನ್ನು ಒಣಗಿದ್ದು ಹಾಗೇ ಉದುರಿಸಬೇಡಿ. ಒಳಗೆ ಆಲ್ಕೋಹಾಲ್ ಇದೆ, ಗಾಳಿ ಇಲ್ಲ, ತಿನ್ನಲು ಸುಲಭದ್ದೇನೂ ಉಳಿದಿಲ್ಲ, ಒಣ ಯೀಸ್ಟ್ ಅಲ್ಲಿ ಬಿದ್ದು ಹಾಗೇ ತಳ ಸೇರುತ್ತದೆ. 250 ಮಿಲಿ ನೀರಿಗೆ 25 ಗ್ರಾಂ ಮಾಲ್ಟ್ ಪುಡಿ ಹಾಕಿ ಕುದಿಸಿ, ಆರಿಸಿ, ಅದರಲ್ಲಿ ಯೀಸ್ಟ್ ಎಬ್ಬಿಸಿ. ನೊರೆ ಕಟ್ಟಿ ಜೋರಾಗಿ ಕೆಲಸ ಮಾಡುತ್ತಿರುವಾಗ ಬಕೆಟ್‌ನ ಬಿಯರನ್ನೇ ಒಂದು ಲೋಟ ಅದಕ್ಕೆ ಸೇರಿಸಿ, ನಾಲ್ಕೈದು ಗಂಟೆ ಬಿಟ್ಟು ಆಮೇಲೆ ಎಲ್ಲವನ್ನೂ ಮೆಲ್ಲಗೆ ಒಳಗೆ ಇಳಿಸಿ. ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರಲಿ. ಪರಿಮಳ ಆಗಲೇ ಬಂದಿರುವುದರಿಂದ ಈಗ ಗೋಧಿ ಯೀಸ್ಟೇ ಆಗಬೇಕೆಂದಿಲ್ಲ, ಸಾಧಾರಣ ಏಲ್ ಯೀಸ್ಟ್ ಸಾಕು. ಪಕ್ಕದಲ್ಲಿ ಇನ್ನೊಂದು ಬಕೆಟ್ ಹುದುಗುತ್ತಿದ್ದರೆ ಅದರ ನೊರೆಯನ್ನು ಒಂದು ಲೋಟ ತಂದು ಹಾಕುವುದು ಇನ್ನೂ ಒಳ್ಳೆಯದು. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಬಂದ ಬಿಯರ್ ಕಾನೂನಿನಲ್ಲಿ ಬಾರ್ಲಿ, ಹಾಪ್ಸ್, ನೀರು ಅಂತ ಇದೆಯೇ ಹೊರತು ಯೀಸ್ಟ್‌ನ ಹೆಸರಿಲ್ಲ. ಆದರೂ ಹಳಬರು ಒಂದು ಪಾತ್ರೆಯ ನೊರೆ, ಗಸಿ ತೆಗೆದು ಇನ್ನೊಂದಕ್ಕೆ ಹಾಕುತ್ತಲೇ ಬಂದಿದ್ದರು.

ಯೀಸ್ಟ್ ತಿನ್ನಲಾಗದ ಸಕ್ಕರೆಯನ್ನು ತಿನ್ನುವಂತೆ ಒಡೆಯುವ ಎನ್‌ಜೈಮ್ ಪುಡಿ ಹಾಕಿ ಅಂತ ಕೆಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಅದು ಒಮ್ಮೆ ಶುರುವಾದರೆ ಎಲ್ಲಿ ನಿಲ್ಲುತ್ತದೆ ಅಂತ ಹೇಳಲಾಗದು, ಬಿಯರ್ ತೆಳ್ಳಗಾಗುತ್ತದೆ, ಅವಸರಕ್ಕೆ ಬಾಟಲಿ ತುಂಬಿದರೆ ಅಪಾಯ ಬೇರೆ.

ಆ ಅಪಾಯದ ಬಗ್ಗೆ ಹೇಳಲೇಬೇಕು. ಬಹಳ ಹಿಂದೆ ಒಂದು ಸಲ ಬಿಯರ್ 1.020ರಲ್ಲಿ ನಿಂತಿತ್ತು, ಎರಡು ವಾರ ಕಳೆದಿತ್ತು, ಇನ್ನು ಇಳಿಯುವುದಿಲ್ಲ ಅಂದುಕೊಂಡು ಸಕ್ಕರೆ ಹಾಕಿ ಬಾಟಲಿ ತುಂಬಿ ಬೆಚ್ಚನೆಯ ಕೋಣೆಯಲ್ಲಿ ಇಟ್ಟೆ. ಯೀಸ್ಟ್ ಅಲ್ಲಿ ಎದ್ದಿತು. ಹತ್ತನೇ ದಿನ ನಡುರಾತ್ರಿ ಒಂದು ಬಾಟಲಿ ಒಡೆಯಿತು, ಅದರ ಚೂರು ತಗಲಿ ಪಕ್ಕದ್ದೂ ಒಡೆಯಿತು. ಬೆಳಿಗ್ಗೆ ನೋಡಿದರೆ ಎದುರಿನ ಮರದ ಬಾಗಿಲಿಗೆ ಗಾಜಿನ ಚೂರು ನಾಟಿತ್ತು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಲೆಕ್ಕ ನೋಡಿ, ಹೈಡ್ರೋಮೀಟರ್‌ನಲ್ಲಿ 0.002 ಇಳಿಯುವುದು ಬಾಕಿ ಇದ್ದರೂ ಲೀಟರಿಗೆ ಸುಮಾರು 5 ಗ್ರಾಂ ಸಕ್ಕರೆ ಹೆಚ್ಚಿಗೆ ಹಾಕಿದಂತೆ. ನನ್ನದರಲ್ಲಿ 0.008 ಬಾಕಿ ಇತ್ತು. ಅವತ್ತಿನಿಂದ ಅಳತೆ ಮೂರು ದಿನ ಅಲುಗದೆ ನಿಂತು, ಜಾಡಿಯ ಪರೀಕ್ಷೆಯೂ ಅದನ್ನೇ ಹೇಳುವ ತನಕ ನಾನು ಬಾಟಲಿ ಮುಟ್ಟುವುದಿಲ್ಲ. ಒಮ್ಮೆ ತುಂಬಿದ ಬಾಟಲಿ ಮೇಲೆ ಅನುಮಾನ ಬಂದರೆ ದಪ್ಪ ಕೈಗವಸು, ಕನ್ನಡಕ ಹಾಕಿಕೊಂಡು ತಂಪಿಗೆ ಸಾಗಿಸಿ, ಚೆನ್ನಾಗಿ ತಣ್ಣಗಾದ ಮೇಲೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ.

ಅಳತೆ ನಿಂತ ಮೇಲೆ ಉಳಿದದ್ದು ಸುಲಭ. ಗೋಧಿ ಬಿಯರ್‌ಗೆ ಗ್ಯಾಸ್ ಸ್ವಲ್ಪ ಜಾಸ್ತಿಯೇ ಬೇಕು, ಲೀಟರಿಗೆ 7 ಗ್ರಾಂ ಸಕ್ಕರೆ ಕುದಿಸಿ ಆರಿಸಿ ಹಾಕುತ್ತೇನೆ. ಗಟ್ಟಿ ಬಾಟಲಿ ಇದ್ದರೆ 8ರವರೆಗೆ ಹೋಗಬಹುದು, ತೆಳು ಗಾಜಿನದ್ದಕ್ಕೆ ಬೇಡ. 20 ಡಿಗ್ರಿಯಲ್ಲಿ ಎರಡು ವಾರ ಇಟ್ಟು ಆಮೇಲೆ ತಣ್ಣಗೆ ಮಾಡಿ. ಈ ಬಿಯರ್ ವರ್ಷಗಟ್ಟಲೆ ಇಡುವಂಥದ್ದಲ್ಲ, ಬಾಳೆಹಣ್ಣಿನ ಪರಿಮಳ ತಿಂಗಳು ಕಳೆದಂತೆ ಮಾಸುತ್ತದೆ. ಲೋಟವನ್ನು ಒದ್ದೆ ಮಾಡಿ, ಓರೆ ಹಿಡಿದು ಮುಕ್ಕಾಲು ಪಾಲು ಸುರಿಯಿರಿ. ಆಮೇಲೆ ಬಾಟಲಿಯನ್ನು ಒಮ್ಮೆ ಸುತ್ತಿಸಿ ತಳದ ಗಸಿ ಎಬ್ಬಿಸಿ ಅದನ್ನೂ ಲೋಟಕ್ಕೆ ಹಾಕಿ, ಬೇರೆ ಬಿಯರ್‌ಗಳಲ್ಲಿ ಬಿಟ್ಟುಬಿಡುವ ಆ ಮಬ್ಬು ಗಸಿ ಇದರಲ್ಲಿ ಸೇರಲೇಬೇಕು.