ಚುರುಕು ಮಗುವಿಗೆ ಬುದ್ಧಿಪರೀಕ್ಷೆ ಯಾವಾಗ ಮಾಡಿಸಬೇಕು?

ಮೂರು ವರ್ಷದ ಮಗು ಅಂಗಡಿಗಳ ನಾಮಫಲಕಗಳನ್ನು ತಾನಾಗಿಯೇ ಓದತೊಡಗಿದಾಗ ತಂದೆತಾಯಿಯರಲ್ಲಿ ಹೆಮ್ಮೆ ಮತ್ತು ಕಳವಳ ಒಟ್ಟಿಗೇ ಹುಟ್ಟುತ್ತವೆ. ಬಂಧುಗಳಲ್ಲಿ ಯಾರಾದರೊಬ್ಬರು "ಒಂದು ಐಕ್ಯೂ ಟೆಸ್ಟ್ ಮಾಡಿಸಿ" ಎಂದು ಹೇಳಿಯೇ ಹೇಳುತ್ತಾರೆ. ಮಾಡಿಸುವುದರಲ್ಲಿ ತಪ್ಪಿಲ್ಲ. ಆದರೆ ಫಲಿತಾಂಶ ಕೈಗೆ ಬಂದ ಮೇಲೆ ಮಗುವಿನ ಶಾಲೆಯಲ್ಲಾಗಲಿ, ಮನೆಯಲ್ಲಾಗಲಿ ಏನನ್ನು ಬದಲಿಸುತ್ತೀರಿ ಎಂಬುದನ್ನು ಮೊದಲೇ ಒಂದು ವಾಕ್ಯದಲ್ಲಿ ಬರೆದಿಡಿ. ಆ ವಾಕ್ಯ ಬರೆಯಲು ಆಗದಿದ್ದರೆ ಪರೀಕ್ಷೆಗೆ ಇನ್ನೂ ಕಾಲ ಬಂದಿಲ್ಲವೆಂದೇ ತಿಳಿಯಬೇಕು.

ಅಲ್ಲಿಯವರೆಗೆ ಮಾಡಬೇಕಾದ ಕೆಲಸವೆಂದರೆ ಗಮನಿಸುವುದು. ಎರಡು ಮೂರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಮಗು ಕೇಳಿದ ಪ್ರಶ್ನೆಗಳನ್ನು, ಆಟದಲ್ಲಿ ತಾನೇ ಮಾಡಿಕೊಂಡ ನಿಯಮಗಳನ್ನು, ಸಿಟ್ಟಿಗೆದ್ದ ಸಂದರ್ಭಗಳನ್ನು ದಿನಾಂಕದೊಡನೆ ಬರೆದಿಡಿ. ದೇಶಗಳ ರಾಜಧಾನಿಗಳನ್ನು ಒಪ್ಪಿಸುವುದು ಒಳ್ಳೆಯ ನೆನಪಿನ ಗುರುತು. ಅಭ್ಯಾಸ ಮಾಡಿಸಿದರೆ ಅನೇಕ ಮಕ್ಕಳು ಅಷ್ಟನ್ನು ಒಪ್ಪಿಸುತ್ತಾರೆ. ಮಗು ತನಗೆ ತಿಳಿದ ಒಂದು ವಿಷಯವನ್ನು, ಯಾರೂ ಹೇಳಿಕೊಡದೆ, ಬೇರೊಂದು ಕಡೆ ಅನ್ವಯಿಸಿ ನೋಡುತ್ತಿದೆಯೇ ಎಂಬುದು ಹೆಚ್ಚು ಮುಖ್ಯ. ಹಾಗೆಯೇ, ಸರಾಗವಾಗಿ ಓದುವ ಮಗುವಿಗೆ ಓದಿದ್ದರ ಅರ್ಥ ಆಗುತ್ತಿಲ್ಲವಾದರೆ, ಹೆಸರು ಹಿಡಿದು ಕರೆದಾಗ ಅದು ತಿರುಗಿ ನೋಡದಿದ್ದರೆ, ಅಥವಾ ಮಾತು ತಡವಾಗುತ್ತಿದ್ದರೆ ಐಕ್ಯೂ ವಿಚಾರವನ್ನು ಬದಿಗಿಟ್ಟು ಕೂಡಲೇ ಮಕ್ಕಳ ತಜ್ಞರನ್ನು ಕಾಣಬೇಕು. ಶ್ರವಣ ಮತ್ತು ಮಾತಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಳವಣಿಗೆ ಮತ್ತು ವರ್ತನೆಯ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ.

ಇಂತಹ ಮಗುವಿಗೆ ಮನೆಯಲ್ಲಿ ಮುಂದಿನ ತರಗತಿಯ ಪಠ್ಯವನ್ನು ಮುಗಿಸಿಕೊಡುವ ಆತುರ ಬೇಡ. ಅದರ ಹಸಿವು ವಿಸ್ತಾರಕ್ಕಾಗಿ, ವೇಗಕ್ಕಾಗಿ ಅಲ್ಲ. ಹಳ್ಳಿಯಲ್ಲಿರುವವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಹತ್ತಿರದಲ್ಲಿವೆ. ಮಕ್ಕಳನ್ನು ಅಲ್ಲಿಗೆ ಕರೆತರಲೆಂದೇ ರಾಜ್ಯ ಸರ್ಕಾರ 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭಿಸಿತು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಬುದ್ಧಿಯಲ್ಲಿ ಎಂಟರ ಹಾಗೆ ಯೋಚಿಸುವ ಐದರ ಮಗು ಅಳುವಾಗ, ಹಟ ಮಾಡುವಾಗ, ಕತ್ತಲೆಗೆ ಹೆದರುವಾಗ ಐದರ ಮಗುವೇ ಆಗಿರುತ್ತದೆ. "ಇಷ್ಟು ಜಾಣ ಆಗಿ ಹೀಗೆ ಮಾಡ್ತೀಯಾ" ಎಂಬ ಮಾತನ್ನು ಮನೆಯ ಹಿರಿಯರೂ ಸೇರಿ ಎಲ್ಲರೂ ಬಿಡಬೇಕು. ಆ ಒಂದು ಮಾತು ಮಗುವಿನ ಮನಸ್ಸಿಗೆ ಮಾಡುವ ಹಾನಿ ಸಣ್ಣದಲ್ಲ.

ಪರೀಕ್ಷೆಯ ವಯಸ್ಸಿನ ವಿಚಾರಕ್ಕೆ ಬಂದರೆ, ಬುದ್ಧಿ ಅಳೆಯಲು ಹೆಚ್ಚಾಗಿ ಬಳಸುವ ವೆಕ್ಸ್ಲರ್ ಮಾಪಕಗಳಲ್ಲಿ ಎರಡೂವರೆ ವರ್ಷದಿಂದಲೇ ಬಳಸಬಹುದಾದದ್ದೊಂದು ಇದೆ. ಆದರೂ ಐದು ಆರು ವರ್ಷಕ್ಕೆ ಮುಂಚಿನ ಅಂಕಗಳು ಹೆಚ್ಚು ಏರುಪೇರಾಗುತ್ತವೆ, ಏಕೆಂದರೆ ಆ ವಯಸ್ಸಿನ ಮಗುವಿನ ಉತ್ತರ ಅದರ ನಿದ್ದೆ, ಸಂಕೋಚ, ಅಪರಿಚಿತರ ಎದುರಿನ ಮನಸ್ಥಿತಿಯನ್ನು ಬಹಳವಾಗಿ ಅವಲಂಬಿಸಿರುತ್ತದೆ. ತುರ್ತು ಇಲ್ಲದಿದ್ದರೆ ಆರು ತುಂಬುವವರೆಗೆ ಕಾಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಮಗು ಶಾಲೆಗೆ ಹೋಗಲು ದಿನವೂ ಅಳುತ್ತಿದ್ದರೆ, ಮಾತಿನಲ್ಲಿ ಬಹಳ ಮುಂದಿದ್ದು ಬರವಣಿಗೆಯಲ್ಲಿ ವಿಪರೀತ ಹಿಂದುಳಿದಿದ್ದರೆ, ಅಥವಾ ಚುರುಕುತನದ ಹಿಂದೆ ಕಲಿಕೆಯ ತೊಂದರೆ ಇಲ್ಲವೇ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಅಡಗಿರಬಹುದೆಂಬ ಶಂಕೆ ಇದ್ದರೆ ಕಾಯಬಾರದು. ಶಾಲೆಯ ಸೀಟಿಗಾಗಿ ಪರೀಕ್ಷೆ ಮಾಡಿಸುವ ಅಗತ್ಯವಂತೂ ಇಲ್ಲ: 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್, ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಯರನ್ನಾಗಲಿ ಪರೀಕ್ಷೆಗೆ ಒಳಪಡಿಸುವುದನ್ನು ನಿಷೇಧಿಸಿದೆ.

ಯಾವ ಪರೀಕ್ಷೆ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಲೇಬೇಕು. ಧಾರವಾಡದಲ್ಲಿ ವಿ. ವಿ. ಕಾಮತರು ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ನಮ್ಮ ಮಕ್ಕಳನ್ನು ನಮ್ಮ ಭಾಷೆಯಲ್ಲೇ ಅಳೆಯಬೇಕೆಂಬ ಆ ಕಾಳಜಿ ಇಂದಿಗೂ ಗೌರವಕ್ಕೆ ಯೋಗ್ಯ. ಬಿನೆ-ಕಾಮತ್ ಪರೀಕ್ಷೆ ಈಗಲೂ ಬಳಕೆಯಲ್ಲಿದೆ, ಮಾಲಿನ್ ಅವರ 1969ರ ಮಾಪಕವೂ ಇದೆ. ಆದರೆ ಹೋಲಿಕೆಯ ಮಾನದಂಡ, ಅಂದರೆ ಮಾಪಕ ರೂಪಿಸಿದಾಗಿನ ಮಕ್ಕಳ ಅಂಕಗಳು, ಹಳೆಯದಾದಷ್ಟೂ ಇಂದಿನ ಮಗುವಿನ ಅಂಕ ಉಬ್ಬಿ ಕಾಣುತ್ತದೆ. ಆದ್ದರಿಂದ ಹಳೆಯ ಮಾಪಕದಲ್ಲಿ 140 ಬಂದಿತೆಂದು ಹಿಗ್ಗಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ತುಳು ಅಥವಾ ಉರ್ದು ಆಡುವ ಮಗುವನ್ನು ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದರೆ ಅಂಕ ಕುಗ್ಗುತ್ತದೆ. ರೇವನ್ ಅವರ ಬಣ್ಣದ ಆಕೃತಿಗಳ ಪರೀಕ್ಷೆಗೆ ಭಾಷೆ ಅಷ್ಟಾಗಿ ಬೇಕಿಲ್ಲವಾದರೂ ಅದೊಂದರಿಂದಲೇ ತೀರ್ಮಾನಕ್ಕೆ ಬರಬಾರದು. ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರಲಿ. ನೋಂದಣಿ ಸಂಖ್ಯೆ ಕೇಳಿದರೆ ಅವರು ಬೇಸರಿಸುವುದಿಲ್ಲ. ಬೆರಳಚ್ಚು ನೋಡಿ ಮಗುವಿನ ಬುದ್ಧಿಯನ್ನೂ ಭವಿಷ್ಯದ ವೃತ್ತಿಯನ್ನೂ ಹೇಳುವ ಪರೀಕ್ಷೆಗಳಿಗೆ ವೈಜ್ಞಾನಿಕ ಆಧಾರವಿಲ್ಲ. ಅವುಗಳಿಗೆ ಹಣ ಕೊಡಬೇಡಿ.

ಪರೀಕ್ಷೆಗೆ ಬೆಳಗಿನ ಹೊತ್ತು ಒಳ್ಳೆಯದು. ಮಗು ಚೆನ್ನಾಗಿ ನಿದ್ದೆ ಮಾಡಿ ತಿಂಡಿ ತಿಂದಿರಲಿ; ಜ್ವರವೋ ನೆಗಡಿಯೋ ಇದ್ದರೆ ಮುಂದೂಡಿ. ಮನೆಯಲ್ಲಿ ಅಭ್ಯಾಸ ಮಾಡಿಸಬೇಡಿ, ಮಾಡಿಸಿದರೆ ಅಂಕವೇ ಅರ್ಥ ಕಳೆದುಕೊಳ್ಳುತ್ತದೆ. ಚಿತ್ರಗಳೂ ಒಗಟುಗಳೂ ಇರುತ್ತವೆ, ಕೆಲವು ಕಷ್ಟವಾಗಿರುತ್ತವೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದು ಎಂದಷ್ಟೇ ಮಗುವಿಗೆ ತಿಳಿಸಿ.

ವೆಕ್ಸ್ಲರ್ ಮಾಪಕಗಳಲ್ಲಿ ಸರಾಸರಿ 100. 130 ದಾಟುವವರು ನೂರರಲ್ಲಿ ಸುಮಾರು ಇಬ್ಬರು. ಫಲಿತಾಂಶದಲ್ಲಿ ಸದಾ ಕೆಲವು ಅಂಕಗಳ ಹೆಚ್ಚುಕಡಿಮೆ ಇರುವುದರಿಂದ 128ಕ್ಕೂ 132ಕ್ಕೂ ನಡುವೆ ನಿಜವಾದ ವ್ಯತ್ಯಾಸವಿಲ್ಲ. ಒಟ್ಟು ಅಂಕಕ್ಕಿಂತ ಒಳಗಿನ ವಿಭಾಗಗಳನ್ನು ನೋಡಿ. ಭಾಷಾ ಗ್ರಹಿಕೆಯಲ್ಲಿ 140, ಕೆಲಸದ ವೇಗದಲ್ಲಿ 95 ಬಂದ ಮಗು ನೋಟ್ಸ್ ಬರೆಯಲು ಏಕೆ ಹಟ ಮಾಡುತ್ತದೆ ಎಂಬುದಕ್ಕೆ ಉತ್ತರ ಅಲ್ಲೇ ಇರುತ್ತದೆ. ಅಂಕವನ್ನು ಮಗುವಿಗೂ ನೆಂಟರ ವಾಟ್ಸಾಪ್ ಗುಂಪಿಗೂ ಹೇಳಬೇಡಿ.

ವರದಿ ಹಿಡಿದು ಶಾಲೆಗೆ ಹೋದಾಗ ಶಿಕ್ಷಕರ ಮುಂದೆ ಅಂಕವನ್ನು ಇಡುವ ಬದಲು ಒಂದು ಸಣ್ಣ ಕೋರಿಕೆ ಇಡಿ: ಬರುವ ಲೆಕ್ಕಗಳನ್ನೇ ಮತ್ತೆ ಮತ್ತೆ ಬರೆಸದೆ ಕಷ್ಟದ ಎರಡನ್ನು ಕೊಡುವುದು, ಕೆಲಸ ಮುಗಿದಾಗ ಪುಸ್ತಕ ಓದಲು ಬಿಡುವುದು, ಗಣಿತದ ಅವಧಿಗೆ ಮಾತ್ರ ಮೇಲಿನ ತರಗತಿಯಲ್ಲಿ ಕೂರಿಸುವುದು. ಇವು ಸಾಲದಾದಾಗ ಮಾತ್ರ ಡಬಲ್ ಪ್ರಮೋಷನ್ ಬಗ್ಗೆ ಯೋಚಿಸಬೇಕು. ಆಗಲೂ ಮಗುವಿನ ಒಪ್ಪಿಗೆ, ಅದರ ಗೆಳೆತನಗಳು, ಬರೆಯುವ ಕೈಯ ಬಲ ಮತ್ತು ಅದನ್ನು ಬರಮಾಡಿಕೊಳ್ಳುವ ಹೊಸ ಶಿಕ್ಷಕರ ಮನಸ್ಸು, ಈ ನಾಲ್ಕನ್ನೂ ವರದಿಯಷ್ಟೇ ತೂಕ ಕೊಟ್ಟು ನೋಡಬೇಕು.