ಯಾವ ಕುಕೀ ಇರಲಿ, ಯಾವುದು ಹೋಗಲಿ

ಕಂಪ್ಯೂಟರ್‌ನ ಬೇಡದ ಫೈಲ್‌ಗಳನ್ನು ಅಳಿಸುವ ಸಿಸಿಕ್ಲೀನರ್ ಅನ್ನುವ ಸಾಫ್ಟ್‌ವೇರ್‌ನ ಆಪ್ಷನ್ಸ್ ಒಳಗೆ ಕುಕೀಸ್ ಅಂತ ಒಂದು ಪುಟ ಇದೆ. ಕುಕೀ ಅಂದರೆ ನಮ್ಮ ಲಾಗಿನ್‌ನಂಥದ್ದನ್ನು ನೆನಪಿಡಲು ಸೈಟ್‌ಗಳು ಬ್ರೌಸರ್‌ನಲ್ಲಿ ಇಡುವ ಚಿಕ್ಕ ಮಾಹಿತಿ. ಎಡಗಡೆ ಕಂಪ್ಯೂಟರ್‌ನಲ್ಲಿರುವ ಕುಕೀಗಳು, ಬಲಗಡೆ ಉಳಿಸಿಕೊಳ್ಳಬೇಕಾದವು. ನಡುವಿನ ಬಾಣದ ಗುರುತು ಒತ್ತಿದರೆ ಹೆಸರು ಆ ಕಡೆಗೆ ಹೋಗುತ್ತದೆ. ಇಷ್ಟೇ ಕೆಲಸ. ಕಷ್ಟ ಇರುವುದು ಆರಿಸುವುದರಲ್ಲಿ. ಎಡಗಡೆ ನೋಡಿದರೆ ನಾವು ಯಾವತ್ತೂ ತೆರೆಯದ ಸೈಟ್‌ಗಳ ಹೆಸರೇ ಜಾಸ್ತಿ.

ಹಾಗಾಗಿ ನಾನು ಉಲ್ಟಾ ಕಡೆಯಿಂದ ಶುರು ಮಾಡಿದೆ. ಪಾಸ್‌ವರ್ಡ್‌ಗಳೆಲ್ಲ ಕೈಯಲ್ಲಿವೆಯಾ, ಎರಡು ಹಂತದ ಲಾಗಿನ್ ಇರುವ ಕಡೆ ಬ್ಯಾಕಪ್ ಕೋಡ್ ಇದೆಯಾ ಅಂತ ಮೊದಲು ನೋಡಿಕೊಂಡೆ. ಆಮೇಲೆ ಒಂದೂ ಬಿಡದೆ ಎಲ್ಲಾ ಕುಕೀ ಅಳಿಸಿದೆ. ದಿನಾ ಬೇಕಾಗುವ ಸೈಟ್‌ಗಳಿಗೆ ಮಾತ್ರ ಲಾಗಿನ್ ಆದೆ. ಬ್ರೌಸರ್ ಮುಚ್ಚಿ ನೋಡಿದರೆ ಪಟ್ಟಿ ಕಣ್ಣಾಡಿಸುವಷ್ಟು ಚಿಕ್ಕದಾಗಿತ್ತು. ಡಬಲ್‌ಕ್ಲಿಕ್.ನೆಟ್ ತರಹದ ಜಾಹೀರಾತಿನವು ಬಿಟ್ಟರೆ ಉಳಿದವೆಲ್ಲ ಗುರುತಿನವೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸೈಟ್ ಹೆಸರಿನ ಕುಕೀ ಉಳಿಸಿದರೆ ಲಾಗಿನ್ ಉಳಿಯುತ್ತದೆ ಅಂತೇನಿಲ್ಲ. ಜಿಮೇಲ್‌ಗೆ ಮೇಲ್.ಗೂಗಲ್.ಕಾಮ್ ಒಂದೇ ಇಟ್ಟರೆ ಸಾಲದು. ಲಾಗಿನ್ ನಡೆಯುವುದು ಅಕೌಂಟ್ಸ್.ಗೂಗಲ್.ಕಾಮ್‌ನಲ್ಲಿ. ಅದೂ ಬೇಕು, ಬರೀ ಗೂಗಲ್.ಕಾಮ್ ಹೆಸರಿನದೂ ಬೇಕು. ಔಟ್‌ಲುಕ್‌ಗೆ ಲಾಗಿನ್.ಲೈವ್.ಕಾಮ್ ಬೇಕಾಗುತ್ತದೆ. ಪಾಸ್‌ವರ್ಡ್ ಹಾಕುವ ಹೊತ್ತಿಗೆ ಬ್ರೌಸರ್‌ನ ಮೇಲ್ಗಡೆ ವಿಳಾಸದ ಜಾಗದಲ್ಲಿ ಯಾವ ಹೆಸರು ಕಾಣುತ್ತದೆ ಅಂತ ನೋಡಿಕೊಂಡರೆ ಈ ಗುಟ್ಟು ತಾನಾಗೇ ಗೊತ್ತಾಗುತ್ತದೆ. ಬಲಗಡೆ ಎಲ್ಲಾ ಸೇರಿಸಿದ ಮೇಲೆ ಒಮ್ಮೆ ಕ್ಲೀನ್ ಮಾಡಿ, ಯಾವ ಸೈಟ್ ಮತ್ತೆ ಪಾಸ್‌ವರ್ಡ್ ಕೇಳುತ್ತದೆ ಅಂತ ಪರೀಕ್ಷೆ ಮಾಡಿದೆ.

ಎಷ್ಟು ಉಳಿಸಬೇಕು? ನನ್ನ ಮಟ್ಟಿಗೆ ಕಮ್ಮಿ ಇದ್ದಷ್ಟೂ ಒಳ್ಳೆಯದು. ಲಾಗಿನ್ ಕುಕೀ ಕದ್ದವರಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಮಾಲ್‌ವೇರ್‌ಗಳು ಅದನ್ನೇ ಹುಡುಕಿಕೊಂಡು ಬರುತ್ತವೆ. ಮೇಲ್, ಕೆಲಸದ ಸೈಟ್, ಇನ್ನೊಂದೆರಡು, ಅಷ್ಟೇ. ಬ್ಯಾಂಕಿನದು ನಾನು ಇಡುವುದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಅದು ತಾನೇ ಲಾಗೌಟ್ ಮಾಡುತ್ತದೆ, ಇಟ್ಟು ಏನು ಲಾಭ? ಜಾಗ ಉಳಿಯುತ್ತದೆ ಅಂತ ಕುಕೀ ಅಳಿಸುವವರೂ ಇದ್ದಾರೆ. ಒಂದು ಕುಕೀ ಸುಮಾರು 4 ಕೆಬಿ ದಾಟುವುದಿಲ್ಲ. ಜಾಗ ತಿನ್ನುವುದು ಕ್ಯಾಶೆ, ಅಂದರೆ ಸೈಟ್ ಬೇಗ ತೆರೆಯಲಿ ಅಂತ ಬ್ರೌಸರ್ ಇಟ್ಟುಕೊಳ್ಳುವ ಚಿತ್ರ, ಫೈಲ್‌ಗಳ ನಕಲು.

ಅಂದಹಾಗೆ, ಕ್ಲೀನ್ ಮಾಡುವಾಗ ಬ್ರೌಸರ್ ಪೂರ್ತಿ ಮುಚ್ಚಿರಬೇಕು. ಕ್ರೋಮ್, ಫೈರ್‌ಫಾಕ್ಸ್ ಎರಡೂ ಕುಕೀಗಳನ್ನು ಒಂದು ಡೇಟಾಬೇಸ್ ಫೈಲ್‌ನಲ್ಲಿ ಇಡುತ್ತವೆ. ಬ್ರೌಸರ್ ಓಡುತ್ತಿದ್ದರೆ ಆ ಫೈಲ್ ಅದರ ಹಿಡಿತದಲ್ಲೇ ಇರುತ್ತದೆ.

ಈಚೆಗೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಈ ಕೆಲಸವನ್ನು ಫೈರ್‌ಫಾಕ್ಸ್‌ಗೇ ಒಪ್ಪಿಸಿದ್ದೇನೆ. ಮುಚ್ಚಿದಾಗಲೆಲ್ಲ ಕುಕೀ ಅಳಿಸುವ ಆಯ್ಕೆ ಅದರ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲೇ ಇದೆ. ಬೇಕಾದ ಸೈಟ್‌ಗಳನ್ನು ವಿನಾಯಿತಿ ಪಟ್ಟಿಗೆ ಸೇರಿಸಬಹುದು. ಆ ಕಂಪ್ಯೂಟರ್‌ನ ಸಿಸಿಕ್ಲೀನರ್‌ನಲ್ಲಿ ಕುಕೀಸ್ ಮುಂದಿನ ಟಿಕ್ ತೆಗೆದುಬಿಟ್ಟೆ. ಇಲ್ಲದಿದ್ದರೆ ಎರಡು ಕಡೆ ಎರಡು ಪಟ್ಟಿ ನೋಡಿಕೊಳ್ಳಬೇಕು, ಅಲ್ವಾ?